ಹೋಬಿ 16 ಹಾಯಿದೋಣಿಗೆ ಎರಡು ಟ್ರೈಲರ್‌ಗಳು: ಕೊಂಡು ಹೊಂದಿಸಿದ್ದು, ನಾನೇ ಬೆಸೆದದ್ದು

ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ನಡೆಸುವ ನನ್ನ ಹೋಬಿ 16 ಕ್ಯಾಟಮರಾನ್ (ಜೋಡಿ ಒಡಲಿನ) ದೋಣಿಗಾಗಿ ಆರು ವರ್ಷಗಳಲ್ಲಿ ಎರಡು ಟ್ರೈಲರ್‌ಗಳನ್ನು ಮಾಡಿಕೊಂಡಿದ್ದೇನೆ. ಮೊದಲನೆಯದು ಅಂಗಡಿಯಲ್ಲಿ ಬಿಡಿಭಾಗಗಳಾಗಿ ಸಿಗುವ, ಬೋಲ್ಟ್ ಹಾಕಿ ಜೋಡಿಸುವ, ಸಾಮಾನು ಸಾಗಿಸುವ ಟ್ರೈಲರ್. ಅದರ ಮೂಕಿಯನ್ನು ಉದ್ದ ಮಾಡಿ, ಮೇಲೆ ಎರಡು ಅಡ್ಡತೊಲೆಗಳನ್ನು ಕೂರಿಸಿದೆ. ಎರಡನೆಯದನ್ನು ಉಕ್ಕಿನ ಚೌಕ ಕೊಳವೆಗಳಿಂದ ನಾನೇ ಬೆಸೆದೆ.

ಈ ದೋಣಿ ಸುಮಾರು 5 ಮೀಟರ್ ಉದ್ದ, 2.4 ಮೀಟರ್ ಅಗಲವಿದ್ದು, ಕಳಚದೆಯೇ ರಸ್ತೆಯ ಮೇಲೆ ಒಯ್ಯಬಹುದು. ತೂಕ ಮಾತ್ರ ಸುಮಾರು 145 ಕಿಲೋ. ಟ್ರೈಲರ್‌ಗೆ ತೊಡಕಾಗುವುದು ಈ ಹಗುರತನವೇ ಎಂಬುದು ನನಗೆ ತಡವಾಗಿ ತಿಳಿಯಿತು. ಅರ್ಧ ಟನ್ ಹೊರಲೆಂದು ಮಾಡಿದ ಮೊದಲ ಟ್ರೈಲರ್‌ನ, ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ ಲೀಫ್ ಸ್ಪ್ರಿಂಗ್‌ಗಳು ಇಷ್ಟು ಕಡಿಮೆ ಭಾರಕ್ಕೆ ಬಾಗಲೇ ಇಲ್ಲ. ಹೆದ್ದಾರಿಯ ಕಾಂಕ್ರೀಟ್ ಸಂದುಗಳ ಪ್ರತಿಯೊಂದು ಏಟೂ ನೇರವಾಗಿ ದೋಣಿಗೆ ತಗಲುತ್ತಿತ್ತು. ಒಂದು ಪಟ್ಟಿ ತೆಗೆದ ಮೇಲೆ ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಬೆಸೆದ ಟ್ರೈಲರ್‌ಗೆ, ಕೊಳವೆಯೊಳಗಿನ ರಬ್ಬರ್ ತಿರುಚಿಕೊಂಡು ಏಟು ನುಂಗುವ ಟಾರ್ಷನ್ ಆಕ್ಸಲ್ ಅನ್ನು, ದೋಣಿಯ ತೂಕ ಹೇಳಿ ತರಿಸಿದೆ. ಅದು ಕೆಟ್ಟರೆ ರಿಪೇರಿ ಮಾಡಲಾಗದು, ಇಡಿಯಾಗಿ ಬದಲಿಸಬೇಕು. ಹಾಗಿದ್ದರೂ ಓಟದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ.

ದೋಣಿಯ ಒಡಲುಗಳು ಫೈಬರ್‌ಗ್ಲಾಸ್ ಪದರಗಳ ನಡುವೆ ಫೋಮ್ ಇಟ್ಟು ಮಾಡಿದವು. ಬೆರಳಗಲದ ಜಾಗದಲ್ಲಿ ಭಾರ ಬಿದ್ದರೆ ಪದರ ಬಿಟ್ಟುಕೊಳ್ಳುತ್ತದೆ. ಮೊದಲ ಟ್ರೈಲರ್‌ನಲ್ಲಿ ನಾಲ್ಕೂ ಕಡೆ ರಬ್ಬರ್ ರೋಲರ್‌ಗಳನ್ನೇ ಇಟ್ಟಿದ್ದೆ. ಒಬ್ಬನೇ ದೋಣಿ ಏರಿಸುವುದಕ್ಕೆ ಅದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ರೋಲರ್ ತಾಗುವ ಕಡೆ ನಾಣ್ಯದಿಂದ ತಟ್ಟಿದರೆ, ಪದರ ಬಿಟ್ಟಿದ್ದರ ಗುರುತಾದ ಮಂಕು ಸದ್ದು ಬರತೊಡಗಿತು. ಎರಡನೆಯದರಲ್ಲಿ ಹಿಂದಿನ ತೊಲೆಯ ಮೇಲೆ ಮಾತ್ರ, ಏರಿಸುವುದಕ್ಕೆಂದು, ರೋಲರ್‌ಗಳಿವೆ. ಪ್ರಯಾಣದಲ್ಲಿ ಭಾರವನ್ನು ಹೊರುವುದು ಒಡಲಿನ ಆಕಾರಕ್ಕೆ ಕೊರೆದು ಕಾರ್ಪೆಟ್ ಹೊದಿಸಿದ ಮರದ ತೊಟ್ಟಿಲುಗಳು. ಅವನ್ನು ಟ್ರ್ಯಾಂಪೊಲಿನ್ (ಒಡಲುಗಳ ನಡುವೆ ಕೂರಲು ಬಿಗಿದ ಬಟ್ಟೆ) ಚೌಕಟ್ಟನ್ನು ಹೊತ್ತ ಕಾಲುಗಳ ನೇರ ಕೆಳಗೆ, ಒಡಲು ಗಟ್ಟಿಯಿರುವ ಕಡೆಗೇ ಇಟ್ಟಿದ್ದೇನೆ.

ಆಕ್ಸಲ್ ಎಲ್ಲಿ ಕೂರಬೇಕೆಂಬ ಲೆಕ್ಕ ಎತ್ತಿನ ಗಾಡಿ ಕಂಡವರಿಗೆ ಹೊಸದಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ನೋಯುತ್ತದೆ. ಕಾರಿನ ಹಿಂದೆ ಒಟ್ಟು ತೂಕದ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮೂಕಿಯ ಮೇಲೆ ಬಿದ್ದರೆ ಟ್ರೈಲರ್ ಬಾಲ ಆಡಿಸುವುದಿಲ್ಲ. ಕೊಂಡ ಟ್ರೈಲರ್‌ನಲ್ಲಿ ಆಕ್ಸಲ್ ಅಲುಗುವಂತಿರಲಿಲ್ಲವಾದ್ದರಿಂದ ದೋಣಿಯನ್ನೇ ಮುಂದಕ್ಕೆ ಸರಿಸಬೇಕಾಯಿತು. ಬೆಸೆದದ್ದರಲ್ಲಿ ಆಕ್ಸಲ್ ಅನ್ನು ಬೋಲ್ಟ್‌ಗಳಿಂದ ಹಿಡಿಸಿ, ದೋಣಿ ಹೇರಿ ತೂಗಿನೋಡಿದ ಮೇಲೆಯೇ ಬಿಗಿದೆ. ಉದ್ದ ಮೂಕಿಯಿಂದ ಹಿಂದಕ್ಕೆ ಓಡಿಸುವುದು ಸುಲಭವಾಯಿತು. 8 ಮೀಟರ್ ಉದ್ದದ ಹಾಯಿಕಂಬಕ್ಕೆ ಮುಂದೆ ಆಸರೆಯೂ ಸಿಕ್ಕಿತು.

ತುಕ್ಕು ತಡೆಯುವ ಸತುವಿನ ಲೇಪದ ವಿಷಯದಲ್ಲಿ ನಾನು ದುಂದು ಮಾಡಿದೆನೆಂದೇ ಹೇಳಬೇಕು. ಲೇಪಿಸಿದ ಕೊಳವೆಯನ್ನು ಬೆಸೆದರೆ ವಿಷದ ಹೊಗೆ ಏಳುವುದರಿಂದ, ಬೆಸೆದು ಮುಗಿಸಿದ ಮೇಲೆ ಇಡೀ ಚೌಕಟ್ಟನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಅದ್ದಿಸಬೇಕು. ನಾನು ಎರಡು ಕೊಳವೆಗಳಿಗೆ ಗಾಳಿರಂಧ್ರ ಕೊರೆಯುವುದನ್ನು ಮರೆತಿದ್ದೆ. ಒಳಗಿನ ಗಾಳಿ, ತೇವ ಹಿಗ್ಗಿ ಅವು ಸಿಡಿಯಬಹುದೆಂದು ಅದ್ದುವವರು ಕೆಲಸವನ್ನು ಹಿಂದಿರುಗಿಸಿದರು. ಇಷ್ಟು ಮಾಡಿದರೂ ಈ ದೋಣಿಯನ್ನು ನೀರಿಗಿಳಿಸುವುದು ಮರಳಿನ ಮೇಲೆ ಉರುಳುವ ದಪ್ಪ ಗಾಲಿಗಳ ಮೇಲೆ. ಟ್ರೈಲರ್ ಉಪ್ಪುನೀರನ್ನು ಮುಟ್ಟುವುದೇ ಇಲ್ಲ. ಬಣ್ಣ ಬಳಿದ ಮೊದಲನೆಯದಕ್ಕೆ ಸ್ಪ್ರಿಂಗ್ ಪಟ್ಟಿಗಳ ನಡುವೆ ಬಿಟ್ಟರೆ ತುಕ್ಕು ಹಿಡಿದಿರಲಿಲ್ಲ.

ದೀಪಗಳ ಮಟ್ಟಿಗೆ ಎರಡೂ ಒಂದೇ. ಅರ್ತಿಂಗ್‌ಗೆ, ಅಂದರೆ ದೀಪಗಳ ವಿದ್ಯುತ್ ಕಾರಿಗೆ ಹಿಂದಿರುಗಲು, ಕೊಂಡಿಯ ಲೋಹವನ್ನೇ ನಂಬದೆ ಪ್ರತ್ಯೇಕ ತಂತಿ ಎಳೆಯಬೇಕು.

ಬೆಸೆದದ್ದಕ್ಕೆ ಹಣ ಎರಡು ಪಟ್ಟಾಯಿತು, ಕಾಲ ಮೂರು ವಾರಾಂತ್ಯಗಳ ಬದಲು ಎರಡು ತಿಂಗಳು. ಈಗ ಮತ್ತೆ ತೊಡಗಿದರೆ ಬೆಸೆದು ಬಣ್ಣ ಬಳಿಯುತ್ತೇನೆ, ಉಳಿದ ಹಣವನ್ನು ಆಕ್ಸಲ್‌ಗೆ ಹಾಕುತ್ತೇನೆ. ಮೊದಲ ಟ್ರೈಲರ್ ಈಗ ತೋಟಕ್ಕೆ ಮಣ್ಣು ಹೊರುತ್ತಿದೆ. ಅದರ ಸ್ಪ್ರಿಂಗ್‌ಗಳು ಬಾಗುವುದನ್ನು ನಾನು ಕಂಡದ್ದು ಆಮೇಲೆಯೇ.