ಪ್ರಾಕ್ಸ್‌ಮಾಕ್ಸ್ ಸ್ನ್ಯಾಪ್‌ಶಾಟ್, ಬ್ಯಾಕಪ್ ಸರ್ವರ್: ಮೂರು ವರ್ಷ ಬಳಸಿದ ಅನುಭವ

ಮಂಡ್ಯದಲ್ಲಿ ಒಂದು ಅಕ್ಕಿ ಮಿಲ್ ಆಫೀಸಿನ ಕಂಪ್ಯೂಟರ್ ಕೆಲ್ಸ ನೋಡ್ಕೊಳೋನು ನಾನು. ಇರೋದೊಂದೇ ಸರ್ವರ್, ಎರಡು ಎಸ್‌ಎಸ್‌ಡಿ ಮಿರರ್ ಮಾಡಿ (ಎರಡ್ರಲ್ಲೂ ಒಂದೇ ಡೇಟಾ) ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ, ಅದ್ರ ಮೇಲೆ ಒಂದೇ ಮಿಷನ್ನಲ್ಲಿ ಹಲವು ಕಂಪ್ಯೂಟರ್ ಓಡಿಸೋ ಪ್ರಾಕ್ಸ್‌ಮಾಕ್ಸ್‌ನಲ್ಲಿ ಮೂರು ವಿಎಂ (ವರ್ಚುವಲ್ ಮಿಷನ್, ಅಂದ್ರೆ ಸಾಫ್ಟ್‌ವೇರಲ್ಲೇ ಇರೋ ಕಂಪ್ಯೂಟರ್): ಲೆಕ್ಕಪತ್ರದ ಟ್ಯಾಲಿ ಇರೋ ವಿಂಡೋಸ್, ವೇಬ್ರಿಡ್ಜ್ ಡೇಟಾಬೇಸ್, ಫೈಲ್ ಶೇರ್. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆದ್ರೆ ಮೊದಲ್ನೇ ವರ್ಷ ಕೇಳಿದ್ರೆ ಬೇರೆನೇ ಹೇಳ್ತಿದ್ದೆ, ತಪ್ಪು ನಂದೇ ಬಿಡಿ.

ಸ್ನ್ಯಾಪ್‌ಶಾಟ್ ಅಂದ್ರೆ ವಿಎಂ ಆ ಕ್ಷಣ ಹೆಂಗಿತ್ತೋ ಹಂಗೇ ಗುರುತಿಟ್ಕೊಳೋದು, ಬೇಕಾದ್ರೆ ಅಲ್ಲಿಗೇ ವಾಪಸ್ ಹೋಗ್ಬಹುದು. ಅದ್ರ ರುಚಿ ಒಂದ್ಸಲ ಹತ್ತಿದ್ರೆ ಬಿಡಕ್ಕಾಗಲ್ಲ. ರ‍್ಯಾಮ್ ಸೇರಿಸ್ದೆ ತಗೊಂಡ್ರೆ ಒಂದೆರಡು ಸೆಕೆಂಡಲ್ಲಿ ಮುಗ್ದೋಯ್ತದೆ, ಯಾಕಂದ್ರೆ ಅಲ್ಲಿ ಏನೂ ಕಾಪಿನೇ ಆಗಲ್ಲ, ಝಡ್‌ಎಫ್‌ಎಸ್ ಹಳೇ ಬ್ಲಾಕ್ ಮೇಲೆ ಬರೆಯೋದೇ ಇಲ್ಲ, ಹೊಸದನ್ನ ಬೇರೆ ಕಡೆ ಬರ್ದು ಹಳೇದನ್ನ ಹಂಗೇ ಹಿಡ್ಕೊಂಡಿರ್ತದೆ ಅಷ್ಟೆ. ಇದನ್ನೇ ಬ್ಯಾಕಪ್ ಅನ್ಕೊಂಡು ಮೆರೀತಿದ್ದೆ.

ಒಂದಿನ ಮಾರ್ಚ್ ಕೊನೇಲಿ ಸಂಜೆ ಟ್ಯಾಲಿಲಿ ಪ್ರಿಂಟ್ ಕೆಟ್ಟೋಯ್ತು. ಬೆಳಿಗ್ಗೆ ತೆಗ್ದಿದ್ದ ಸ್ನ್ಯಾಪ್‌ಶಾಟ್ ಇತ್ತಲ್ಲ, ಯೋಚ್ನೆನೇ ಮಾಡ್ದೆ ರೋಲ್‌ಬ್ಯಾಕ್ ಒತ್ತಿದೆ. ಪ್ರಿಂಟ್ ಬಂತು. ಐದ್ ನಿಮಿಷಕ್ಕೆ ಅಕೌಂಟ್ಸ್ ಅಕ್ಕ ಬಂದು "ಏನಣ್ಣ, ಬೆಳಿಗ್ಗೆಯಿಂದ ಹೊಡ್ದಿದ್ ಬಿಲ್ಲೆಲ್ಲಾ ಎಲ್ಲೋದೊ?" ಅಂದ್ರು. ರೋಲ್‌ಬ್ಯಾಕ್ ಅಂದ್ರೆ ಇಡೀ ಡಿಸ್ಕ್ ಹಿಂದಕ್ಕೋಯ್ತದೆ, ಒಂದು ಫೈಲ್ ಅಲ್ಲ. ಪುಣ್ಯಕ್ಕೆ ಬಿಲ್‌ಬುಕ್ಕಿನ ಕಾರ್ಬನ್ ಕಾಪಿ ಇತ್ತು, ನಾನು ಓದೋದು ಅವ್ರು ಟೈಪ್ ಮಾಡೋದು, ರಾತ್ರಿ ಹತ್ತೂವರೆ.

ಇನ್ನೊಂದು ಸಲ ವಿಂಡೋಸ್ ಅಪ್‌ಡೇಟ್‌ಗೆ ಮುಂಚೆ ತೆಗ್ದಿದ್ ಸ್ನ್ಯಾಪ್‌ಶಾಟ್ ಅಳಿಸೋದನ್ನ ನಾಲ್ಕು ತಿಂಗ್ಳು ಮರ್ತೆ. ಹುಟ್ಟಿದಾಗ ಅದಕ್ಕೆ ತೂಕನೇ ಇರಲ್ಲ, ಡೇಟಾ ಬದಲಾದಂಗೆಲ್ಲಾ ಹಳೇ ಬ್ಲಾಕ್ ಬಿಡದೆ ಊದ್ಕೊತದೆ. ಪೂಲ್ (ಝಡ್‌ಎಫ್‌ಎಸ್‌ನ ಒಟ್ಟು ಡಿಸ್ಕ್ ಜಾಗ) ತುಂಬಿ ವಿಎಂ ನಿಂತೇ ಹೋಯ್ತು, ಗೇಟಲ್ಲಿ ಭತ್ತದ ಲಾರಿ ಸಾಲು. ಈಗ 80% ದಾಟೋಕೆ ಬಿಡಲ್ಲ.

ಆಮೇಲೆ ಹಳೇ ಡೆಸ್ಕ್‌ಟಾಪಿಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕ್ದೆ. ಅಸಲಿ ಮಾಲು ಇದು. ಡಿಸ್ಕನ್ನ 4 ಎಂಬಿ ತುಂಡು ಮಾಡಿ, ಆಗ್ಲೇ ಇರೋ ತುಂಡನ್ನ ಮತ್ತೆ ಕಳ್ಸಲ್ಲ, ಹಂಗಾಗಿ ದಿನಾ ತಗೊಂಡ್ರೂ ಜಾಗ ಜಾಸ್ತಿ ತಿನ್ನಲ್ಲ. ವಿಎಂ ಆಫ್ ಮಾಡಿ ಆನ್ ಮಾಡಿದ್ರೆ ಮಾತ್ರ ಏನು ಬದಲಾಗಿದೆ ಅನ್ನೋ ಲೆಕ್ಕ ಅಳಿಸೋಗಿ ಪೂರ್ತಿ ಡಿಸ್ಕ್ ಓದ್ಬೇಕಾಯ್ತದೆ. ಬೇಕಾದ ಒಂದೇ ಫೈಲ್ ತೆಕ್ಕೊಳೋಕೂ ಬರ್ತದೆ, ಆ ಮಾರ್ಚಲ್ಲಿ ಇದೊಂದಿದ್ದಿದ್ರೆ!

ಬ್ಯಾಕಪ್‌ನಲ್ಲಿ ಸ್ನ್ಯಾಪ್‌ಶಾಟ್ ಮೋಡ್ ಅಂತಿದೆಯಲ್ಲ, ಅದು ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ಅಂತ್ಲೇ ಬಹಳ ದಿನ ತಿಳ್ಕೊಂಡಿದ್ದೆ. ವಿಎಂ ವಿಷಯದಲ್ಲಿ ಅಲ್ಲ, ಆ ಕೆಲ್ಸ ವಿಎಂ ಓಡಿಸೋ ಕ್ಯೂಎಂಯು ಅನ್ನೋ ಪ್ರೋಗ್ರಾಂ ಮಾಡ್ತದೆ: ಬ್ಯಾಕಪ್ ಓಡ್ತಿರುವಾಗ ವಿಎಂ ಎಲ್ಲಾದ್ರೂ ಬರೀಬೇಕಂದ್ರೆ ಅಲ್ಲಿರೋ ಹಳೇದನ್ನ ಮೊದ್ಲು ಬ್ಯಾಕಪ್ ಕಡೆ ಸಾಗಿಸ್ಬೇಕು. ನನ್ನ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಆಮೆ, ಟ್ಯಾಲಿನೂ ಆಮೆ ಆಯ್ತು. 2024ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 8.2ರಲ್ಲಿ ಫ್ಲೀಸಿಂಗ್ ಅಂತ ಕೊಟ್ಟಿದ್ದಾರೆ, ಹಳೇ ಬ್ಲಾಕ್ ತಾತ್ಕಾಲಿಕವಾಗಿ ಲೋಕಲ್ ಎಸ್‌ಎಸ್‌ಡಿಲೇ ಇಟ್ಕೊತದೆ, ಅದನ್ನ ಆನ್ ಮಾಡಿದ್ಮೇಲೆ ದೂರು ಬಂದಿಲ್ಲ.

ಗೆಸ್ಟ್ ಏಜೆಂಟ್ ಮರೀಬೇಡಿ, ಅದು ವಿಎಂ ಒಳಗೆ ಕೂತು ಪ್ರಾಕ್ಸ್‌ಮಾಕ್ಸ್ ಜೊತೆ ಮಾತಾಡೋ ಚಿಕ್ಕ ಪ್ರೋಗ್ರಾಂ. ಅದಿಲ್ದೆ ತಗೊಂಡ್ರೆ ಕರೆಂಟ್ ಹೋಗಿ ಮಿಷನ್ ದಪ್ ಅಂತ ಆಫ್ ಆದಾಗಿನ ಸ್ಥಿತಿನೇ ಬ್ಯಾಕಪ್ ಆಗೋದು. ವಿಂಡೋಸ್ ಒಳಗೆ ಇನ್‌ಸ್ಟಾಲ್ ಮಾಡಿದ್ರೆ ಸಾಲ್ದು, ವಿಎಂ ಆಪ್ಷನ್ಸಲ್ಲೂ ಆನ್ ಮಾಡ್ಬೇಕು (ನಾನು ಮಾಡಿರ್ಲಿಲ್ಲ ಅಂತ ಬೇರೆ ಹೇಳ್ಬೇಕಾ).

ಸಾಫ್ಟ್‌ವೇರ್ ಓಪನ್ ಸೋರ್ಸ್, ಸಬ್‌ಸ್ಕ್ರಿಪ್ಷನ್ ಇಲ್ದಿದ್ರೆ ಲಾಗಿನ್ ಆದಾಗ ಒಂದು ಮೆಸೇಜ್ ಬರ್ತದೆ, ಓಕೆ ಒತ್ತಿದ್ರಾಯ್ತು.

ಈಗ ರಾತ್ರಿ ಇನ್ನೊಂದು ಕಾಪಿ ಮೈಸೂರು ಕುವೆಂಪುನಗರದ ನಮ್ಮನೆ ಬಾಕ್ಸಿಗೆ ಹೋಯ್ತದೆ. ತಿಂಗ್ಳಿಗೊಂದು ಭಾನುವಾರ ಟ್ಯಾಲಿ ವಿಎಂನ ಬೇರೆ ನಂಬರಲ್ಲಿ ರಿಸ್ಟೋರ್ ಮಾಡಿ, ನೆಟ್‌ವರ್ಕ್ ಕಿತ್ತು (ಇಲ್ದಿದ್ರೆ ಒಂದೇ ಐಪಿ ಎರಡು ಕಡೆ), ಶನಿವಾರದ ಕೊನೇ ವೋಚರ್ ಇದ್ಯಾ ನೋಡ್ತೀನಿ. ಇದುವರ್ಗೂ ಸಿಕ್ಕಿದೆ. ಅಕೌಂಟ್ಸ್ ಅಕ್ಕ ಮಾತ್ರ ಇನ್ನೂ ನಂಬಿಲ್ಲ, ದಿನಾ ಸಂಜೆ ಡೇಬುಕ್ ಪ್ರಿಂಟ್ ತೆಗ್ದು ಬೀರುಗೆ ಹಾಕಿ ಬೀಗ ಹಾಕೊಂಡೇ ಮನೆಗೋಗೋದು.