ಕ್ಯಾನ್‌ಬೆರಾದಲ್ಲಿ ರೋವರ್ ಥಾಮಸ್ ಅವರ ಮಳೆ

ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿಗೆ ಸಾಮಾನ್ಯ ಪ್ರವೇಶ ಉಚಿತವಾದರೂ, ರೋವರ್ ಥಾಮಸ್ ಅವರ ಚಿತ್ರಗಳು ಪ್ರದರ್ಶನದಲ್ಲಿವೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರಾಂತ್ಯದಲ್ಲಿ ಕುದುರೆಯೇರಿ ದನ ಅಟ್ಟುತ್ತಾ ದಶಕಗಳನ್ನೇ ಕಳೆದ ಈ ಮೂಲನಿವಾಸಿ ಕಲಾವಿದರು, ಡಾರ್ವಿನ್ ನಗರವನ್ನು ಧ್ವಂಸಗೊಳಿಸಿದ 1974ರ ಟ್ರೇಸಿ ಚಂಡಮಾರುತದ ನಂತರ ತಮಗೆ ಕನಸಿನಲ್ಲಿ ದೊರೆತ ಕುರಿರ್ ಕುರಿರ್ ಎಂಬ ಹಾಡು-ಕುಣಿತದ ಆಚರಣೆಗೆಂದು ಸಿದ್ಧವಾದ, ಚಿತ್ರ ಬರೆದ ಹಲಗೆಗಳ ಮೂಲಕ ಚಿತ್ರಕಲೆಗೆ ಬಂದು, 1990ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಿದರು. ಗ್ಯಾಲರಿಯು 2001ರಲ್ಲಿ 7,78,750 ಆಸ್ಟ್ರೇಲಿಯನ್ ಡಾಲರ್ ತೆತ್ತು ಕೊಂಡ ಅವರ ಮಳೆಯ ಚಿತ್ರದಲ್ಲಿ ಮೋಡವೂ ಇಲ್ಲ, ಮಿಂಚೂ ಇಲ್ಲ. ಮಣ್ಣುಬಣ್ಣದ ಮೇಲೆ ಬಿಳಿ ಚುಕ್ಕಿಗಳ ಸಾಲುಗಳು ಇಳಿದು ಬರುತ್ತವೆ, ಅಷ್ಟೆ. ಆ ಬೆಲೆ ಹೆಚ್ಚೆಂದು ನನಗನ್ನಿಸುವುದಿಲ್ಲ. ಕಾವಿಮಣ್ಣಿನ ಒರಟುತನ ಮುದ್ರಿತ ಪ್ರತಿಗಳಲ್ಲಿ ಉಳಿಯದ ಕಾರಣ, ಪೋಸ್ಟರ್ ಕೊಂಡು ತೃಪ್ತಿಪಡುವವರಿಗೆ ಅರ್ಧ ಚಿತ್ರವಷ್ಟೇ ದಕ್ಕೀತು.