ಬಿಸು ರಜೆ, ನಾಲ್ಕು ಕಂಪ್ಯೂಟರು, ಒಂದು ಐಪಿಎಕ್ಸ್‌ವ್ರ್ಯಾಪರ್

ಭಾವನ ಹತ್ತಿರ ಇದ್ದ ರೆಡ್ ಅಲರ್ಟ್ 2 ಎಂಬ ಹಳೆ ಯುದ್ಧದ ಕಂಪ್ಯೂಟರ್ ಆಟದ ಡಿಸ್ಕು ಈಗ ನಮ್ಮ ಅಲಸಂಡೆ ಚಪ್ಪರದಲ್ಲಿ ನೇತಾಡುತ್ತಿದೆ. ಹಕ್ಕಿ ಓಡಿಸಲಿಕ್ಕೆ. ಅದರಿಂದ ಈಗ ಬೇರೆ ಉಪಯೋಗ ಇಲ್ಲ. ಆ ಕಾಲದ ಎಷ್ಟೋ ಆಟದ ಡಿಸ್ಕುಗಳಿಗೆ ಸೇಫ್‌ಡಿಸ್ಕ್ ಅಂತ ಒಂದು ಬೀಗ ಹಾಕುತ್ತಿದ್ದರು. ಆ ಬೀಗ ತೆಗೆಯುವ ಡ್ರೈವರನ್ನು ವಿಂಡೋಸ್ 10ರಿಂದಲೇ ಕೈಬಿಟ್ಟಿದ್ದಾರೆ. ಅಷ್ಟಕ್ಕೂ ನಮ್ಮ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತೂರಿಸುವ ಬಾಯಿಯೇ ಇಲ್ಲವಲ್ಲ.

ಆದರೂ ಈ ಸಲ ಬಿಸುವಿಗೆ, ಅಂದರೆ ನಮ್ಮ ಕಡೆಯ ಹೊಸ ವರ್ಷಕ್ಕೆ, ತವರುಮನೆಯ ಉಪ್ಪರಿಗೆಯಲ್ಲಿ ನಾವು ನಾಲ್ಕು ಜನ ಕೂತು ರೆಡ್ ಅಲರ್ಟ್ 2 ಆಡಿದೆವು. ಇಂಟರ್ನೆಟ್ ಇಲ್ಲದೆ, ಹಳೆ ಕಾಲದ ಹಾಗೆ ವಯರು ಎಳೆದು. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಆಡಿದವರು ನಾನು, ನನ್ನ ತಮ್ಮ, ಅಕ್ಕನ ಗಂಡ ಭಾವ, ಮತ್ತೆ ಹದಿನಾಲ್ಕು ವರ್ಷದ ನನ್ನ ಮಗಳು. ಇದು ಸಾಧ್ಯ ಆದದ್ದು ಐಪಿಎಕ್ಸ್‌ವ್ರ್ಯಾಪರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಿಂದ. ಅದರ ಬಗ್ಗೆ ಕನ್ನಡದಲ್ಲಿ ನನಗೆ ಒಂದು ಸಾಲೂ ಸಿಗಲಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಆಟ ಬಂದದ್ದು 2000ದ ಅಕ್ಟೋಬರ್‌ನಲ್ಲಿ. ಮಾಡಿದ್ದು ವೆಸ್ಟ್‌ವುಡ್ ಸ್ಟುಡಿಯೋಸ್ ಜೊತೆ ಸೇರಿ ವೆಸ್ಟ್‌ವುಡ್ ಪೆಸಿಫಿಕ್. 2024ರ ಮಾರ್ಚ್‌ನಲ್ಲಿ ಅದು ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಗೂ ಬಂತು. ನಾವು ಅಲ್ಲಿಂದಲೇ ಒಬ್ಬೊಬ್ಬರು ಒಂದೊಂದು ಕೊಂಡೆವು. ಒಬ್ಬರೇ ಆಡುವುದಾದರೆ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಒಟ್ಟಿಗೆ ಆಡುವುದರಲ್ಲಿ. ಒಂದೇ ಮನೆಯ ಕಂಪ್ಯೂಟರುಗಳು ಮಾತಾಡಿಕೊಳ್ಳಲು ಈ ಆಟ ಬಳಸುವುದು ಐಪಿಎಕ್ಸ್ ಎಂಬ ಭಾಷೆಯನ್ನು. ನಾವೆಲ್ಲ ಇವತ್ತು ಬಳಸುವ ಟಿಸಿಪಿ/ಐಪಿ ಅಲ್ಲ. ನೋವೆಲ್ ಕಂಪನಿಯವರ ನೆಟ್‌ವೇರ್ ಎಂಬ ನೆಟ್‌ವರ್ಕ್ ಸಾಫ್ಟ್‌ವೇರು ಆಫೀಸುಗಳನ್ನು ಆಳುತ್ತಿದ್ದ ಕಾಲದ ಭಾಷೆ ಅದು. ವಿಂಡೋಸ್ ಎಕ್ಸ್‌ಪಿಯವರೆಗೂ ಇತ್ತು, ವಿಸ್ಟಾದಲ್ಲಿ ಮಾಯವಾಯಿತು. ಆಟ ಮಾತ್ರ ಈಗಲೂ ಅದೇ ಭಾಷೆಯಲ್ಲಿ ಕರೆಯುತ್ತದೆ, ಕೇಳುವವರು ಯಾರೂ ಇಲ್ಲ.

ಐಪಿಎಕ್ಸ್‌ವ್ರ್ಯಾಪರ್ ಮಾಡುವ ಕೆಲಸ ಇಷ್ಟೇ. ಆಟ ಕೊಟ್ಟ ಐಪಿಎಕ್ಸ್ ಕಾಗದವನ್ನು ಯುಡಿಪಿ ಎಂಬ ಈಗಿನ ಲಕೋಟೆಯೊಳಗೆ ಹಾಕಿ ಕಳಿಸುತ್ತದೆ. ಆ ಕಡೆಯ ಯಂತ್ರದಲ್ಲಿ ಇರುವ ಐಪಿಎಕ್ಸ್‌ವ್ರ್ಯಾಪರ್ ಲಕೋಟೆ ಬಿಚ್ಚಿ ಒಳಗಿನ ಕಾಗದವನ್ನು ಆಟದ ಕೈಗೆ ಕೊಡುತ್ತದೆ. ಆಟಕ್ಕೆ ಈ ಲಕೋಟೆಯ ಸುದ್ದಿಯೇ ಗೊತ್ತಿಲ್ಲ. ತಾನು ಇನ್ನೂ 2000ದಲ್ಲಿ ಇದ್ದೇನೆ ಅಂದುಕೊಂಡೇ ಓಡುತ್ತದೆ.

ಹಾಕುವುದಂತೂ ಸುಲಭ. ಜಿಪ್ ಫೈಲು ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟೂ ದೊಡ್ಡದಿಲ್ಲ. ಬಿಚ್ಚಿದರೆ ಕೆಲವು ಡಿಎಲ್‌ಎಲ್ ಫೈಲುಗಳು, ಅಂದರೆ ಪ್ರೋಗ್ರಾಮು ಓಡುವಾಗ ಕರೆದು ಬಳಸುವ ಸಹಾಯಕ ಫೈಲುಗಳು, ಸಿಗುತ್ತವೆ. ಅವನ್ನು ಆಟದ ಫೋಲ್ಡರಿಗೆ ನಕಲು ಮಾಡಿದರೆ ಮುಗಿಯಿತು. ಇನ್‌ಸ್ಟಾಲ್ ಇಲ್ಲ, ನೆಕ್ಸ್ಟ್ ನೆಕ್ಸ್ಟ್ ಒತ್ತುವುದಿಲ್ಲ. ಆಟ ನೆಟ್‌ವರ್ಕಿನಲ್ಲಿ ಮಾತಾಡಲು ತನಗೆ ಬೇಕಾದ ಡಬ್ಲ್ಯೂಸಾಕ್32 ಎಂಬ ಡಿಎಲ್‌ಎಲ್ ಫೈಲನ್ನು ಮೊದಲು ತನ್ನ ಫೋಲ್ಡರಿನಲ್ಲೇ ಹುಡುಕುತ್ತದೆ. ಅಲ್ಲಿ ಸಿಕ್ಕರೆ ವಿಂಡೋಸ್‌ನದ್ದನ್ನು ಕೇಳುವುದಿಲ್ಲ. ಬೇಡ ಅನಿಸಿದರೆ ಆ ಫೈಲುಗಳನ್ನು ಅಳಿಸಿ, ಎಲ್ಲ ಮೊದಲಿನ ಹಾಗೆ. ಈ ಒಂದು ಗುಣಕ್ಕೇ ನಾನು ಅರ್ಧ ಮಾರ್ಕು ಜಾಸ್ತಿ ಕೊಡುತ್ತೇನೆ.

ಇನ್ನು ನಮ್ಮ ಕಥೆ. ಮೊದಲು ವೈಫೈಯಲ್ಲೇ ಆಡೋಣ ಅಂದ ತಮ್ಮ. ರೂಟರ್ ಕೆಳಗೆ ಚಾವಡಿಯಲ್ಲಿದೆ. ಮನೆ ಕೆಂಪುಕಲ್ಲಿನದ್ದು, ಗೋಡೆ ದಪ್ಪ. ಉಪ್ಪರಿಗೆಗೆ ಬರುವಷ್ಟರಲ್ಲಿ ಸಿಗ್ನಲ್ ಒಂದು ಗೀಟಿಗೆ ಇಳಿಯುತ್ತದೆ. ಅದೂ ಅಲ್ಲದೆ ಮಗಳ ಲ್ಯಾಪ್‌ಟಾಪು ಗೆಸ್ಟ್ ವೈಫೈಗೆ ಸೇರಿಕೊಂಡಿತ್ತು. ಗೆಸ್ಟ್ ಅಂದಮೇಲೆ ಅದಕ್ಕೆ ಇಂಟರ್ನೆಟ್ ಸಿಗುತ್ತದೆ, ಮನೆಯ ಬೇರೆ ಯಂತ್ರಗಳು ಕಾಣುವುದಿಲ್ಲ. ಬೇಕೆಂದೇ ಹಾಗೆ ಮಾಡಿಟ್ಟಿರುತ್ತಾರೆ. ಇದು ಹೊಳೆಯಲು ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನ ಕಾಸರಗೋಡಿಗೆ ಹೋದವಳು ಒಂದು ಸಣ್ಣ ಸ್ವಿಚ್ ತಂದೆ. ಲೈಟಿನ ಸ್ವಿಚ್ ಅಲ್ಲ, ನೆಟ್‌ವರ್ಕ್ ವಯರುಗಳನ್ನು ಜೋಡಿಸುವ ಐದು ಬಾಯಿಯ ಡಬ್ಬಿ. ಜೊತೆಗೆ ನಾಲ್ಕು ಕೇಬಲ್. ನನ್ನ ಲ್ಯಾಪ್‌ಟಾಪು ತೆಳ್ಳಗಿನದ್ದು, ಅದಕ್ಕೆ ಲ್ಯಾನ್ ಬಾಯಿ ಇಲ್ಲ. ಅದಕ್ಕೊಂದು ಯುಎಸ್‌ಬಿ ಅಡಾಪ್ಟರ್. ಒಂದು ಮಾತು: ಈ ಆಟಗಳಿಗಾಗಿ ಗಿಗಾಬಿಟ್ ಡಬ್ಬಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಆಟ ಕಳಿಸುವುದು ಟ್ಯಾಂಕು ಎಲ್ಲಿಗೆ ಹೋಗಬೇಕು ಅನ್ನುವ ಆಜ್ಞೆಗಳನ್ನು ಮಾತ್ರ, ಚಿತ್ರಗಳನ್ನಲ್ಲ. 100 ಎಂಬಿಪಿಎಸ್‌ನದ್ದು ಧಾರಾಳ ಸಾಕು. ಹಿಂದೆ ಎರಡು ಕಂಪ್ಯೂಟರು ನೇರ ಜೋಡಿಸಲು ಕ್ರಾಸ್ ಕೇಬಲ್ ಅಂತ ಬೇರೆ ಬೇಕಿತ್ತು, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ ಅದಲು ಬದಲು ಮಾಡಿ ಕ್ರಿಂಪ್ ಮಾಡಿದ್ದು. ಈಗ ಯಂತ್ರವೇ ತಿಳಿದುಕೊಳ್ಳುತ್ತದೆ. ಇಬ್ಬರೇ ಆಡುವುದಾದರೆ ಸ್ವಿಚ್ಚೂ ಬೇಡ, ಒಂದು ಸಾದಾ ಕೇಬಲ್ ಸಾಕು.

ಅಮ್ಮ ಮೇಲೆ ಬಂದು ನೋಡಿದರು. "ಎಂತ ಇದು, ಬಲೆ ಹಾಕಿದ ಹಾಗೆ? ಯಾರಾದರೂ ಎಡವಿ ಬಿದ್ದಾರು!" ಬಿದ್ದದ್ದು ಭಾವ, ಅದೂ ಎರಡು ಸಲ.

ಎಲ್ಲ ಜೋಡಿಸಿ, ನಾಲ್ಕರಲ್ಲೂ ಆಟ ತೆರೆದು, ನೆಟ್‌ವರ್ಕ್ ಒತ್ತಿದೆವು. ನನಗೂ ಮಗಳಿಗೂ ಪರಸ್ಪರ ಹೆಸರು ಕಂಡಿತು. ತಮ್ಮ ಮಾತ್ರ ಯಾರಿಗೂ ಕಾಣಲಿಲ್ಲ. ಅವನದ್ದೇ ಎಲ್ಲಕ್ಕಿಂತ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪು! "ಅಕ್ಕ, ನೀನು ಎಂತದೋ ತಪ್ಪು ಮಾಡಿದ್ದೀ" ಅಂದ. ತಪ್ಪು ಅವನ ಲ್ಯಾಪ್‌ಟಾಪಿನಲ್ಲೇ ಇತ್ತು. ಆಫೀಸು ಕೆಲಸಕ್ಕೆ ಅಂತ ವರ್ಚುವಲ್‌ಬಾಕ್ಸ್, ಅಂದರೆ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರು ಓಡಿಸುವ ಸಾಫ್ಟ್‌ವೇರು, ಹಾಕಿಕೊಂಡಿದ್ದಾನೆ. ಅದು ಒಂದು ಸುಳ್ಳು ನೆಟ್‌ವರ್ಕ್ ಕಾರ್ಡು ಹುಟ್ಟಿಸುತ್ತದೆ, 192.168.56.1 ಅಂತ ವಿಳಾಸ. ಐಪಿಎಕ್ಸ್‌ವ್ರ್ಯಾಪರ್ ಹೋಗಿ ಆ ಸುಳ್ಳು ಕಾರ್ಡನ್ನೇ ಹಿಡಿದುಕೊಂಡಿತ್ತು. ತಮ್ಮ ಕೂಗುತ್ತಿದ್ದದ್ದು ತನ್ನ ಯಂತ್ರದ ಒಳಗೇ, ಹೊರಗೆ ಯಾರಿಗೆ ಕೇಳಬೇಕು?

ಇದಕ್ಕೆ ಮದ್ದು ಅದೇ ಜಿಪ್‌ನಲ್ಲಿದೆ. ಐಪಿಎಕ್ಸ್‌ಕಾನ್ಫಿಗ್ ಅಂತ ಒಂದು ಸಣ್ಣ ಪ್ರೋಗ್ರಾಮು. ತೆರೆದರೆ ಪ್ರೈಮರಿ ಇಂಟರ್‌ಫೇಸ್ ಅಂತ ಒಂದು ಪಟ್ಟಿ ಸಿಗುತ್ತದೆ. ಅದರಲ್ಲಿ ನಿಜವಾದ ಈಥರ್‌ನೆಟ್ ಕಾರ್ಡನ್ನು ಆರಿಸಿ ಉಳಿಸಬೇಕು. ಅಷ್ಟು ಮಾಡಿದ ಕೂಡಲೇ ತಮ್ಮನ ಹೆಸರು ಟಪಕ್ಕನೆ ಬಂತು. ಆದರೆ ಇದನ್ನು ಮೊದಲ ಸಲ ಬಳಸುವವರಿಗೆ ಯಾರು ಹೇಳುತ್ತಾರೆ? ಸಾಫ್ಟ್‌ವೇರು ಮೌನಿ. "ನಾನು ಇಂಥಾ ಕಾರ್ಡು ಹಿಡಿದಿದ್ದೇನೆ, ಸರಿಯಾ?" ಅಂತ ಒಂದು ಮಾತು ಕೇಳಿದರೆ ಅರ್ಧ ಜನರ ತಲೆನೋವು ಹೋಗುತ್ತದೆ. ಇದು ಅದರ ದೊಡ್ಡ ಕೊರತೆ.

ಭಾವನ ಆಫೀಸು ಲ್ಯಾಪ್‌ಟಾಪಿನ ಕಥೆ ಬೇರೆ. ಅದರಲ್ಲಿ ಆಟ ಓಡಿತು, ಡಿಎಲ್‌ಎಲ್ ಕೂತಿತು. ಹೊರಗಿನಿಂದ ಬರುವುದನ್ನು ತಡೆಯುವ ವಿಂಡೋಸ್‌ನ ಕಾವಲುಗಾರ ಫೈರ್‌ವಾಲ್ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅದು ಇರುವುದು ಅವರ ಐಟಿಯವರ ಹತ್ತಿರ. ಬಿಸುವಿನ ದಿನ ಫೋನು ಮಾಡಿ "ರೆಡ್ ಅಲರ್ಟಿಗೆ ಬಾಗಿಲು ತೆಗೆಯಿರಿ" ಅನ್ನಲು ಆಗುತ್ತದಾ? ಕೊನೆಗೆ ಅಪ್ಪ ಅಡಿಕೆಯ ಲೆಕ್ಕ ಬರೆಯುವ ಹಳೆ ಡೆಸ್ಕ್‌ಟಾಪನ್ನೇ ಮೇಲೆ ಹೊತ್ತು ತಂದೆವು. ಅದರಲ್ಲಿ ಚಿತ್ರ ಎಳೆದ ಹಾಗೆ ಬರುತ್ತಿತ್ತು, ಮೆನುವೇ ತೆವಳುತ್ತಿತ್ತು. ಸಿಎನ್‌ಸಿ-ಡಿಡ್ರಾ ಅಂತ ಇನ್ನೊಂದು ಪುಕ್ಕಟೆ ಡಿಎಲ್‌ಎಲ್ ಇದೆ, ಅದನ್ನೂ ಆಟದ ಫೋಲ್ಡರಿಗೆ ಹಾಕಿದಾಗ ಸರಿಯಾಯಿತು. ಈ ಆಟದಲ್ಲಿ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಬೇಕು. ಒಂದು ಯಂತ್ರ ನಿಧಾನ ಆದರೆ ಎಲ್ಲರ ಆಟವೂ ನಿಧಾನ. ಹಾಗಾಗಿ ಹಳೆ ಯಂತ್ರವನ್ನು ಕಡೆಗಣಿಸಬೇಡಿ, ಅದನ್ನೇ ಮೊದಲು ಸರಿ ಮಾಡಿ.

ಮಧ್ಯಾಹ್ನ ಊಟ ಮುಗಿಸಿ ನಿಜವಾಗಿ ಆಡಲು ಕೂತಾಗ ಮೂಡು ದಿಕ್ಕಿನಲ್ಲಿ ಗುಡುಗಿತು. ನಮ್ಮ ಊರಿನವರಿಗೆ ಗೊತ್ತು, ಬೇಸಿಗೆ ಮಳೆಯ ಸಿಡಿಲಿಗೆ ಮೊದಲು ಹೋಗುವುದು ರೂಟರೇ. ಹೋದ ವರ್ಷ ಒಂದು ಸುಟ್ಟಿದೆ. ಅಪ್ಪ ಕೆಳಗಿನಿಂದಲೇ ಬೊಬ್ಬೆ ಹೊಡೆದರು, "ಪ್ಲಗ್ ಎಳೆಯಿರಿ!" ಎಳೆದೆವು. ರೂಟರಿನಿಂದ ಮೇಲೆ ಬರುವ ವಯರನ್ನೂ ಸ್ವಿಚ್ಚಿನಿಂದ ಕಿತ್ತೆವು. ಸ್ವಿಚ್ಚು ಇನ್ವರ್ಟರಿನಲ್ಲಿ ಇತ್ತು, ಆಟಕ್ಕೆ ಇಂಟರ್ನೆಟ್ ಬೇಡ. ತೊಂದರೆ ಇಲ್ಲ ಅಂದುಕೊಂಡೆವು.

ಮತ್ತೆ ಯಾರೂ ಯಾರಿಗೂ ಕಾಣಲಿಲ್ಲ!

ನಾನು ಸುಮಾರು ಹೊತ್ತು ತಲೆ ಕೆರೆದುಕೊಂಡದ್ದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರುಗಳಿಗೆ ವಿಳಾಸ ಹಂಚುವುದು ರೂಟರು. ಬರೀ ಸ್ವಿಚ್ಚಿಗೆ ಆ ಕೆಲಸ ಬರುವುದಿಲ್ಲ. ರೂಟರ್ ಇಲ್ಲದಿದ್ದರೆ ವಿಂಡೋಸ್ ಸ್ವಲ್ಪ ಕಾದು, ತಾನೇ 169.254 ಅಂತ ಶುರುವಾಗುವ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಎಲ್ಲ ಯಂತ್ರಗಳೂ ಹಾಗೇ ಮಾಡುವುದರಿಂದ ಆಟಕ್ಕೆ ಅದು ಸಾಕು. ಆದರೆ ರೂಟರ್ ಇಲ್ಲದ ನೆಟ್‌ವರ್ಕಿನ ಗುರುತು ವಿಂಡೋಸ್‌ಗೆ ಸಿಗುವುದಿಲ್ಲ. ಅದನ್ನು ಅನ್‌ಐಡೆಂಟಿಫೈಡ್ ಅಂತ ಹೆಸರಿಸಿ ಪಬ್ಲಿಕ್ ಗುಂಪಿಗೆ ತಳ್ಳುತ್ತದೆ. ಅಂದರೆ ನಮ್ಮ ಉಪ್ಪರಿಗೆಯೂ ರೈಲ್ವೆ ಸ್ಟೇಷನ್ನೂ ಅದಕ್ಕೆ ಒಂದೇ. ಬೆಳಿಗ್ಗೆ ನಾವು ಫೈರ್‌ವಾಲಿನಲ್ಲಿ ಪ್ರೈವೇಟ್‌ಗೆ, ಅಂದರೆ ಮನೆಯಂಥ ನಂಬಿಕೆಯ ನೆಟ್‌ವರ್ಕಿಗೆ, ಮಾತ್ರ ಅನುಮತಿ ಕೊಟ್ಟಿದ್ದೆವು. ಗುಡುಗಿದ ಮೇಲೆ ಪಬ್ಲಿಕ್ ಆಯಿತು, ಬಾಗಿಲು ಮುಚ್ಚಿತು.

ಪರಿಹಾರ: ಫೈರ್‌ವಾಲಿನಲ್ಲಿ 'ಆ್ಯಪ್‌ಗಳಿಗೆ ಅನುಮತಿ' ಅನ್ನುವ ಪಟ್ಟಿಗೆ ಹೋಗಿ, ಆಟದ ಹೆಸರಿನ ಮುಂದೆ ಎರಡೂ ಚೌಕಕ್ಕೆ ಟಿಕ್ ಹಾಕುವುದು. ಇಲ್ಲಿ ಇನ್ನೊಂದು ಗುಂಡಿ ಇದೆ, ನಾನು ಬಿದ್ದದ್ದು. ರೆಡ್ ಅಲರ್ಟ್ 2ರಲ್ಲಿ ನೀವು ಒತ್ತುವ ಫೈಲು ಬೇರೆ, ನಿಜವಾಗಿ ಓಡುವ ಫೈಲು ಬೇರೆ. ಅನುಮತಿ ಬೇಕಾದದ್ದು ಗೇಮ್.ಎಕ್ಸ್‌ಇ ಎಂಬುದಕ್ಕೆ. ಮತ್ತೆ, ಫೈರ್‌ವಾಲ್ ಮೊದಲ ಸಲ ಕೇಳುವ ಪ್ರಶ್ನೆ ಆಟದ ಪರದೆಯ ಹಿಂದೆ ಅಡಗಿ ಕೂತಿರುತ್ತದೆ. ಆಟ ಇಡೀ ಪರದೆ ತುಂಬಿರುವಾಗ ಅದು ಕಾಣುವುದೇ ಇಲ್ಲ. ಆಲ್ಟ್-ಟ್ಯಾಬ್ ಒತ್ತಿ ಹಿಂದೆ ನೋಡಿ. ಅದನ್ನು ನೋಡದೆ ಕ್ಯಾನ್ಸಲ್ ಒತ್ತಿದರೆ ವಿಂಡೋಸ್ 'ಬೇಡ' ಅಂತಲೇ ಬರೆದಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ. ಮಗಳು ಹಾಗೇ ಮಾಡಿದ್ದಳು.

ಇದರಲ್ಲಿ ಐಪಿಎಕ್ಸ್‌ವ್ರ್ಯಾಪರಿನ ತಪ್ಪು ಏನೂ ಇಲ್ಲ. ಆದರೂ ಜನ ಬೈಯುವುದು ಅದನ್ನೇ.

ಮಳೆ ಧೋ ಅಂತ ಸುರಿಯುವಾಗ ಆಟ ಶುರುವಾಯಿತು. ಎಷ್ಟು ಹೊತ್ತಿಗೂ ಒಂದು ಸಲವೂ ಸಂಪರ್ಕ ತಪ್ಪಲಿಲ್ಲ. ಕರೆಂಟು ಹೋದಾಗ ಭಾವನ ಡೆಸ್ಕ್‌ಟಾಪು ಮಾತ್ರ ಸತ್ತಿತು, ಅದು ಇನ್ವರ್ಟರಿನ ಪ್ಲಗ್ಗಿನಲ್ಲಿ ಇರಲಿಲ್ಲ. ಭಾವ ಸೋಲುವವರಿದ್ದರು, ಹಾಗಾಗಿ ಅವರೇ ಕಾಲಿನಿಂದ ಎಳೆದರು ಅಂತ ಮಗಳ ಅನುಮಾನ. ಸಂಜೆ ಅಮ್ಮ ಹಲಸಿನ ಹಪ್ಪಳ ಕಾಯಿಸಿ ತಂದು, ತಮ್ಮನ ಕಿರೋವ್ ಬಲೂನುಗಳು ನನ್ನ ಊರನ್ನು ಸುಡುವುದನ್ನು ನೋಡಿ, "ಇಷ್ಟು ದೊಡ್ಡವರಾಗಿ ಇದಾ?" ಅಂದರು. ಎಣ್ಣೆ ಕೈಯಲ್ಲಿ ಮೌಸ್ ಹಿಡಿಯಬೇಡಿ, ಅದೊಂದು ಸಲಹೆ.

ಏಜ್ ಆಫ್ ಎಂಪೈರ್ಸ್ 2 ಕೂಡ ಇದರಿಂದಲೇ ಆಗುತ್ತದಾ ಅಂತ ಚಿಕ್ಕಮ್ಮನ ಮಗ ಕೇಳಿದ. 1999ರ ಮೂಲ ಆಟದ ರೋಗ ಬೇರೆ. ಅದು ಒಟ್ಟಿಗೆ ಆಡಲು ವಿಂಡೋಸ್‌ನದ್ದೇ ಆದ ಡೈರೆಕ್ಟ್‌ಪ್ಲೇ ಎಂಬ ಹಳೆ ವ್ಯವಸ್ಥೆ ಬಳಸುತ್ತದೆ, ಟಿಸಿಪಿ/ಐಪಿಯಲ್ಲೇ ಮಾತಾಡಬಲ್ಲದು. ವಿಂಡೋಸ್ 10, 11ರಲ್ಲಿ ಡೈರೆಕ್ಟ್‌ಪ್ಲೇ ಇದೆ, ಮಲಗಿಸಿ ಇಟ್ಟಿದ್ದಾರೆ. ವಿಂಡೋಸ್ ಫೀಚರ್ಸ್ ತೆರೆದು, ಲೆಗಸಿ ಕಾಂಪೊನೆಂಟ್ಸ್ ಒಳಗೆ ಟಿಕ್ ಹಾಕಿದರೆ ಏಳುತ್ತದೆ. ಪಟ್ಟಿಯಲ್ಲಿ ಆಟ ಕಾಣದಿದ್ದರೆ ಆಟ ಶುರು ಮಾಡಿದವರ ಐಪಿ ವಿಳಾಸ ಟೈಪ್ ಮಾಡಿ. ಅದಕ್ಕೆ ಐಪಿಎಕ್ಸ್‌ವ್ರ್ಯಾಪರ್ ಬೇಡ. ವಿಂಡೋಸ್ 95ಕ್ಕೂ ಮೊದಲಿನ ಡಾಸ್ ಕಾಲದ ಆಟಗಳಾದರೆ, ಅವನ್ನು ಈಗ ಓಡಿಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರಿನ ಒಳಗೇ ಐಪಿಎಕ್ಸ್ ವ್ಯವಸ್ಥೆ ಇದೆ, ಅಲ್ಲೂ ಇದು ಬೇಡ. ವಿಂಡೋಸ್ 95ರಿಂದ ಎಕ್ಸ್‌ಪಿವರೆಗಿನ ಕಾಲದ, ಐಪಿಎಕ್ಸ್ ಕೇಳುವ ಆಟಗಳಿಗೆ ಮಾತ್ರ ಇದು.

ಮಾರ್ಕು ಕೇಳಿದರೆ ಐದಕ್ಕೆ ನಾಲ್ಕು. ಕಳೆದ ಒಂದು ಆ ಮೌನಕ್ಕೆ.

ಭಾನುವಾರ ತಮ್ಮ ಬೆಂಗಳೂರಿಗೆ ಹೊರಟ. ಬ್ಯಾಗು ತುಂಬುವಾಗ ಅವನ ಲ್ಯಾಪ್‌ಟಾಪು ಕಸಿದುಕೊಂಡು ಪಬ್ಲಿಕ್ ಚೌಕದ ಟಿಕ್ ತೆಗೆದೆ. ನೀವೂ ತೆಗೆಯಿರಿ, ಸ್ಟೇಷನ್ನಿನ ವೈಫೈಗೆ ಸೇರುವ ಮೊದಲು. ಸ್ವಿಚ್ಚು ಮತ್ತು ವಯರುಗಳನ್ನು ಅಮ್ಮ ಅಕ್ಕಿ ಡಬ್ಬಿಯ ಮೇಲೆ ಸುತ್ತಿ ಇಟ್ಟಿದ್ದಾರೆ, ಹಪ್ಪಳದ ಡಬ್ಬಿಯ ಪಕ್ಕ.